ಸುರಂಗದ ಲೋಕಯ್ಯ

ಬಟ್ಟಬಯಲಿನಲ್ಲೂ ತಲೆಗೆ ಏನೋ ತಾಗೀತೆಂಬಂತೆ ಬಗ್ಗಿಯೇ ನಡೆಯುವ ಮನುಷ್ಯನನ್ನು ನಾನು ಕಂಡದ್ದು ಒಬ್ಬನನ್ನೇ, ಪೈವಳಿಕೆಯ ಲೋಕಯ್ಯನನ್ನು. ಗುಡ್ಡದ ಒಡಲಿಗೆ ಅಡ್ಡಲಾಗಿ ಸುರಂಗ ಕೊರೆದು ನೀರು ತೆಗೆಯುವುದರಲ್ಲೇ ಆಯುಷ್ಯ ಸವೆಸಿದವನಿಗೆ ಆಕಾಶವೂ ತಗ್ಗಿನ ಮಾಡಿನಂತೆ ತೋರುತ್ತಿತ್ತೇನೋ. ಕುಂಬಳೆ ಪೇಟೆಯಲ್ಲಿ ಯಾರಾದರೂ "ಎಂತ ಲೋಕಯ್ಯ, ಹುಡುಕುವುದು?" ಎಂದು ಛೇಡಿಸಿದರೆ, "ಹುಡುಕುವುದಲ್ಲ ಮಾರಾಯ, ತಲೆ ಕಾಯುವುದು" ಎನ್ನುವನು. ಸೌರವಿದ್ಯುತ್ ಕಂಪೆನಿ ಕೊಟ್ಟ ಕಿತ್ತಳೆ ಬಣ್ಣದ ಕೋಟನ್ನು ಆತ ಒಳಮೈ ಹೊರಗಾಗಿಯೇ ತೊಡುತ್ತಿದ್ದ. ಅದರ ಹೊಳೆಯುವ ಪಟ್ಟಿ ಕಣ್ಣಿಗೆ ಚುಚ್ಚುತ್ತದಂತೆ.

ಡೆನ್ಮಾರ್ಕಿನ ಸಂಸ್ಥೆಯೊಂದು ಇಲ್ಲಿನ ಕಂಪೆನಿಯೊಡನೆ ಕೈಜೋಡಿಸಿ ಊರ ಮೇಲಣ ಪದವಿನಲ್ಲಿ, ಎಂದರೆ ಕೆಂಪು ಮುರಕಲ್ಲಿನ ಬೋಳು ಬಯಲಿನಲ್ಲಿ, ಸೌರಫಲಕಗಳನ್ನು ನಿಲ್ಲಿಸಹೊರಟಾಗ, ನೆಲದಡಿ ಎಲ್ಲೆಲ್ಲಿ ಪೊಳ್ಳು ಎಂದು ತೋರಿಸಲು ಅವನನ್ನೂ, ಅವನ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ನಿವೃತ್ತ ಮೇಷ್ಟ್ರಾದ ನನ್ನನ್ನೂ ನೇಮಿಸಿದರು. ಯಂತ್ರಕ್ಕೆ ಕಾಣದ ಪೊಳ್ಳನ್ನು ಲೋಕಯ್ಯ ಹಾರೆಯಿಂದ ಕುಟ್ಟಿ ಹೇಳುತ್ತಿದ್ದ.

ಪದವಿನ ಪಡುವಣ ಅಂಚಿನಲ್ಲಿ ಮಾತ್ರ ಅವನ ರೀತಿಯೇ ಬೇರೆ. ಹಕ್ಕಿಯ ದನಿಯೂ ಇಲ್ಲದ ನಡುಮಧ್ಯಾಹ್ನದ ಬಿಳಿ ಬಿಸಿಲಿನಲ್ಲಿ ಅಲ್ಲಿ ಮಂಡಿಯೂರಿ, ಮೂರು ಸಲ ಕುಟ್ಟಿ, ಕಾದ ಕಲ್ಲಿಗೆ ಕಿವಿಯಿಟ್ಟು ಕಾಯುವನು. ಸುರಂಗದವರ ಕಟ್ಟಳೆ ಅದು: ಒಳಗಿನವನು ತಟ್ಟಿದರೆ ಹೊರಗಿನವನು ತಟ್ಟಬೇಕು; ಸದ್ದು ಬರುತ್ತಿರುವಷ್ಟು ಕಾಲ ಸುರಂಗ ಮುಚ್ಚಬಾರದು. ಮಣ್ಣು ಕುಸಿದು ಅವನ ತಮ್ಮ ಚೋಮ ಅಲ್ಲೇ ಉಳಿದುಹೋಗಿ ಇಪ್ಪತ್ತೆರಡು ವರ್ಷ. ಹೆಣ ಸಿಕ್ಕಿರಲಿಲ್ಲ.

"ತಮ್ಮ ಇದ್ದಾನೆ ಇಲ್ಲಿ. ಈಗಲೂ ತಟ್ಟುತ್ತಾನೆ. ಇಲ್ಲಿ ಕಂಬ ಬೇಡ ಅಂತ ಆ ಅಮ್ಮನಿಗೆ ಹೇಳಿ ಮಾಷ್ಟ್ರೇ" ಎಂದ.

ಅವನು ಅಮ್ಮ ಎಂದದ್ದು ಕೆಲಸದ ಉಸ್ತುವಾರಿಗೆ ಬಂದಿದ್ದ ಡೆನ್ಮಾರ್ಕಿನ ಎಂಜಿನಿಯರ್ ಹೆಂಗಸಿಗೆ. ಆಕೆ ನನ್ನ ಮುಖ ನೋಡಿದಳು. ಹೊರದೇಶದವಳ ಮುಂದೆ ನಮ್ಮೂರು ದೆವ್ವಗಳ ಊರಾಗಿ ಕಾಣುವುದಲ್ಲಾ ಎಂದು ನನಗೆ ನಾಚಿಕೆಯಾಯಿತು. "ಹಳೆಯ ನೀರಿನ ಸುರಂಗವಂತೆ" ಎಂದಷ್ಟೇ ಹೇಳಿದೆ. ಸಮಾಧಿಯಾದರೆ ಆ ಜಾಗ ಬಿಡಬೇಕು, ಹಾಳು ಸುರಂಗವಾದರೆ ಕಾಂಕ್ರೀಟು ತುಂಬಬೇಕು ಎಂದು ಎರಡು ದೇಶದವರ ಒಪ್ಪಂದದಲ್ಲೇ ಇತ್ತು. ಅದನ್ನು ಕನ್ನಡಕ್ಕೆ ತಂದವನೂ ನಾನೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದವನು ಆ ದಿನ ಚೋಮನ ಹೆಸರೆತ್ತದೆ ಆ ಮಾತು ಆಡಿಬಿಟ್ಟೆ.

ಮರುದಿನ ಮಧ್ಯಾಹ್ನ ತೂತು ಕೊರೆದು ಕಾಂಕ್ರೀಟು ಸುರಿದರು. ಎರಡು ಲಾರಿ ಸಾಕೆಂದಿದ್ದರು. ಐದು ಲಾರಿ ನುಂಗಿಯೂ ತುಂಬಲಿಲ್ಲ. ಆರನೆಯದು ಬರಲೆಂದು ಪಂಪು ನಿಲ್ಲಿಸಿದಾಗ, ಕಾಲಡಿಯ ಕಲ್ಲಿನಿಂದ ಸದ್ದು ಬಂತು. ಮೂರು ಸಲ. ಲೋಕಯ್ಯನ ಹಾರೆ ದೂರದಲ್ಲಿ ಬಿದ್ದಿತ್ತು.

ಎಂಜಿನಿಯರ್ ಹೆಂಗಸು ಬಿಳಿಚಿಕೊಂಡು ಅದೇನೆಂದು ಕೇಳಿದಳು. ಆಗಲಾದರೂ ನಿಜ ಹೇಳಬಹುದಿತ್ತು. "ಬಿಸಿಲಿಗೆ ಕಲ್ಲು ಬಿರಿಯುತ್ತದೆ" ಎಂದೆ. ಆರನೆಯ ಲಾರಿ ಬಂತು, ಪಂಪು ಮತ್ತೆ ಹೊರಟಿತು. ಲೋಕಯ್ಯ ಮಂಡಿಯೂರಿ ಬರಿಯ ಗೆಣ್ಣಿನಿಂದ ತಟ್ಟಿದ, ಕಿವಿಯಿಟ್ಟ, ಬಹಳ ಹೊತ್ತು ಕಾದ. ಆಮೇಲೆ ಎದ್ದು ನನ್ನ ಬಳಿ ಬಂದ.

"ನಾನು ಹೇಳಿದ್ದನ್ನು ಅವರಿಗೆ ಹೇಳಿದ್ದೀರಲ್ಲ ಮಾಷ್ಟ್ರೇ?"

"ಹೇಳಿದ್ದೇನೆ."

"ಹಾಗಾದರೆ ಅವರಿಗೆ ಎಂತದೋ ಕಾರಣ ಉಂಟು" ಎಂದು ತಲೆಯಾಡಿಸಿದ. ನನ್ನ ಮೇಲೆ ಅವನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಇದ್ದಿದ್ದರೆ ನನಗೆ ಈಗ ನಿದ್ದೆಯಾದರೂ ಬರುತ್ತಿತ್ತು.

ಸುರಂಗ ಕೊರೆಯುವವರೇ ಹಾಗೆ. ಬೆಳಕಿಗೆ ಬೆನ್ನುಹಾಕಿ ಮಣ್ಣಿನೊಳಕ್ಕೆ ತೆವಳುವವರು ಹೊರಗೆ ಕುಳಿತ ಒಬ್ಬನನ್ನು ನಂಬಿ ಹೋಗುತ್ತಾರೆ; ತಾನು ತಟ್ಟಿದ್ದನ್ನು ಅವನು ಕೇಳಿಸಿಕೊಂಡಾನೆಂದು ಉಸಿರಿರುವತನಕ, ಬಹುಶಃ ಆ ಮೇಲೂ, ನಂಬುತ್ತಾರೆ. ಆ ದಿನ ಹೊರಗೆ ಕುಳಿತಿದ್ದವನು ನಾನು.