ದಸ್ತಿ ಹಾಕಿದ ಜಾಗ

ರಾಯಚೂರಿನಿಂದ ದೇವದುರ್ಗಕ್ಕ ಹೋಗೋ ಬಸ್ಸಿನ್ಯಾಗ ಕುಂದ್ರಾಕ ಜಾಗ ಸಿಕ್ಕರ ಅದಾ ದೊಡ್ಡ ಪುಣ್ಯ. ನಮ್ಮ ಕಡಿ ಬಸ್ಸು ನಿಂದ್ರೋಕಿಂತ ಮೊದ್ಲಾ ಮಂದಿ ಕಿಡಕಿಯೊಳಗಿಂದ ದಸ್ತಿ, ಅಂದ್ರ ಕರವಸ್ತ್ರ, ಒಗೀತಾರ. ಟವೆಲ್ಲು, ಕೈಚೀಲ, ಒಬ್ಬಾಕಿ ಅಂತೂ ಚಪ್ಪಲಿ ಒಗದಿದ್ದನ್ನ ನಾನಾ ನೋಡೀನಿ. ದಸ್ತಿ ಬಿದ್ದ ಜಾಗ ದಸ್ತಿಯವ್ರದು. ಅದನ್ನ ಸರಿಸಿ ಕುಂತ್ರ ಇಡೀ ಬಸ್ಸು ಬೈತದ, ಕಂಡಕ್ಟರ್ ಸೈತ ದಸ್ತಿ ಕಡೀನಾ ಮಾತಾಡ್ತಾನ. ಅವತ್ತು ನಾನೂ ಒಗದೆ. ನೌಕರಿ ಮುಗಿಯಾಕ ಬಂದ ಹೆಣ್ಮಗಳು ಹುಡುಗ್ರಂಗ ಬಸ್ಸಿನ ಹಿಂದ ಓಡೋದಂದ್ರ ನಗೋ ಮಾತಾ ಖರೆ, ಆದ್ರ ತಾಸುಗಟ್ಲೆ ನಿಂದ್ರಾಕ ಒಲ್ಲದ ನನ್ನ ಮೊಣಕಾಲಿಗೆ ನಾಚಿಕಿ ತಿಳಿಯಂಗಿಲ್ಲ.

ನನ್ನ ಹೆಸರು ರೇಣುಕಮ್ಮ. ಹೆಡ್‌ಮಾಸ್ತರರಿಗೆ ತರಬೇತಿ ಕೊಡೋದು ನನ್ನ ಕೆಲಸ. ಸಾಲಿಯೊಳಗ ಯಾವ ಮಗೂನೂ ಹಿಂದ ಬೀಳಬಾರ್ದು, ಅದಕ್ಕ ಹೆಡ್‌ಮಾಸ್ತರ ಏನು ಮಾಡಬೇಕು ಅನ್ನೋದನ್ನ ತಿಂಗಳಾ ತಿಂಗಳಾ ಹೇಳ್ಕೋತ ಬಂದೀನಿ. ಹೇಳಿ ಹೇಳಿ ಗಂಟಲು ಒಣಗ್ಯದ. ನಾನು ನೀರಮಾನ್ವಿ ಸಾಲಿಯೊಳಗ ಬಾಗಿಲ ಹತ್ರ, ಚಪ್ಪಲಿ ಬಿಡೋ ಮಗ್ಗಲಿಗೆ ಕುಂತು ಅಕ್ಷರ ಕಲಿತಾಕಿ. ಹಂಗಾಗಿ ಈ ಕೆಲಸ ನನಗ ಬರೇ ಪಗಾರಿನ ಕೆಲಸ ಆಗಿರ್ಲಿಲ್ಲ. ಆದ್ರ ಎದುರಿಗೆ ಕುಂತವ್ರು ಒಬ್ರು ಫೋನ್ ನೋಡ್ತಾರ, ಒಬ್ರು ಆಕಳಿಸ್ತಾರ, ಊಟ ಎಷ್ಟೊತ್ತಿಗೆ ಅಂತ ಒಬ್ರು ಸನ್ನಿ ಮಾಡಿ ಕೇಳ್ತಾರ. ಇಷ್ಟು ವರ್ಷದಾಗ ಒಬ್ಬನಾ ಒಬ್ಬ ನನ್ನ ಮಾತು ಪೂರಾ ಕೇಳಿದ್ದ. ಅಂವಾ ಪಂಪಾಪತಿ, ದೇವದುರ್ಗದ ಮಗ್ಗಲಿನ ಒಂದು ಹಳ್ಳಿ ಹೈಸ್ಕೂಲಿನ ಹೆಡ್‌ಮಾಸ್ತರ.

ಯಾರಿಗೆ ಹೆಚ್ಚು ಬೇಕೋ ಅವ್ರಿಗೆ ಹೆಚ್ಚು ಕೊಡ್ರಿ, ಎಲ್ಲಾರಿಗೂ ಸಮಾ ಹಂಚಿ ಕೈ ತೊಳ್ಕೋಬ್ಯಾಡ್ರಿ ಅಂತ ನಾನು ಹೇಳಿದ್ದೆ. ಸಂಕ್ರಾಂತಿ ಮುಗಿದ ಮ್ಯಾಲೆ ಪಂಪಾಪತಿ ಫೋನ್ ಮಾಡಿದ. ನೀವು ಹೇಳಿದ್ದನ್ನ ಮಾಡೀನ್ರಿ ಮೇಡಂ, ಒಂದ್ಸಲ ಬಂದು ನೋಡ್ರಿ ಅಂದ. ಆ ಮಾತು ಕೇಳಿ ನನಗ ಕಣ್ಣಾಗ ನೀರು ಬಂದ್ವು, ಸುಳ್ಳು ಯಾಕ ಹೇಳ್ಲಿ. ಅದಕ್ಕಾ ಬಸ್ಸಿನ ಹಿಂದ ಓಡಿದ್ದು.

ಸಾಲಿ ಗೇಟಿನ್ಯಾಗಾ ಅಂವಾ ಎದುರಾದ. ಇಸ್ತ್ರಿ ಮಾಡಿದ ಅಂಗಿ, ಮಾರಿ ತುಂಬ ನಗಿ. ಕೈ ಹಿಡಿಯೋದೊಂದು ಬಾಕಿ, ಸೀದಾ ಕಡೀ ಖೋಲಿಗೆ ಕರಕೊಂಡು ಹೋದ. ಮೊದ್ಲು ಅಲ್ಲಿ ಬಿಸಿಊಟದ ಅಕ್ಕಿ ಚೀಲ ಇಡ್ತಿದ್ರು. ಈಗ ಸುಣ್ಣ ಬಳಿದು, ಹೊಸಾ ಕರಿಹಲಗಿ ಹಾಕಿ, ಇಡೀ ಸಾಲಿಯೊಳಗ ನೆಟ್ಟಗ ತಿರುಗೋ ಒಂದಾ ಒಂದು ಫ್ಯಾನನ್ನ ತನ್ನ ಖೋಲಿಯಿಂದ ಬಿಚ್ಚಿಸಿ ಇಲ್ಲಿ ಹಾಕ್ಸಿದ್ದ. ಬಾಗಿಲ ಮ್ಯಾಲೆ ದೊಡ್ಡ ಅಕ್ಷರದಾಗ ಒಂದು ಬೋರ್ಡು: ಗುಳೇ ಮಕ್ಕಳ ವಿಶೇಷ ಕೊಠಡಿ.

ದಸರಾ ಆದಮ್ಯಾಲೆ ನಮ್ಮ ಕಡಿ ಮಂದಿ ಬೆಂಗಳೂರು ಕಡಿ ಕಟ್ಟಡದ ಕೆಲಸಕ್ಕ ಗುಳೆ ಹೋಗ್ತಾರ, ಮಕ್ಕಳನ್ನೂ ಕರಕೊಂಡು ಹೋಗ್ತಾರ. ಪರೀಕ್ಷಿ ಹತ್ರ ಬಂದಾಗ ಕೆಲವು ಮಕ್ಕಳು ವಾಪಸ್ ಬರ್ತಾವ. ಹಂಗ ಬಂದ ಹತ್ತನೇ ಕ್ಲಾಸಿನ ಮಕ್ಕಳನ್ನ ಪಂಪಾಪತಿ ಈ ಖೋಲಿಗೆ ಹಾಕಿದ್ದ. ಛಲೋ ಪಾಠ ಮಾಡೋ ಮಾಸ್ತರರನ್ನ ಮೊದ್ಲು ಇಲ್ಲಿಗೇ ಕಳಸ್ತಿದ್ದ. ಗಣಿತ ತಾನಾ ಹೇಳ್ತಿದ್ದ. ಎಲ್ಲಾ ಖರೆ. ಆದ್ರ ಒಳಗ ಕುಂತಿದ್ದ ನಾಕು ಮಕ್ಕಳು ತಲಿ ಎತ್ತಿ ನನ್ನ ನೋಡ್ಲಿಲ್ಲ. ಹೊರಗ ಪಡಸಾಲಿಯಾಗ ಯಾವುದೋ ಹುಡುಗ ಓಡಿಕೋತ, "ಲೇ, ಗುಳೇ ಖೋಲಿ ಮುಂದ ನಿಂದ್ರಬ್ಯಾಡ" ಅಂತ ಗೆಳೆಯಗ ಒದರಿ ಹೋದ. ಪಂಪಾಪತಿಗೆ ಅದು ಕೇಳಿಸ್ಲೇ ಇಲ್ಲ. ನನಗ ಕೇಳಿಸ್ತು. ಬ್ಯಾರೆ ಕುಂದ್ರಿಸಿದ ಜಾಗ ಎಂಥದಂತ, ಬಾಗಿಲ ಮಗ್ಗಲಿಗೆ ಕುಂತು ಕಲಿತ ನನಗ ಗೊತ್ತಿತ್ತು.

ಐದನೇ ಬೆಂಚ್ ಖಾಲಿ ಇತ್ತು, ಅದು ಯಾರದು ಅಂತ ಕೇಳಿದೆ. ಪಂಪಾಪತಿ ಮಾರಿ ಸಣ್ಣದಾತು. ದುರ್ಗಾ ಅಂತ್ರಿ, ಭಾಳ ಶಾಣ್ಯಾ ಹುಡುಗಿ, ಅವ್ರವ್ವ ಗದ್ದೆಮ್ಮ ಪರೀಕ್ಷಿ ಸಲುವಾಗೇ ಬೆಂಗಳೂರಿಂದ ಕರಕೊಂಡು ಬಂದಾಳ, ಆದ್ರ ಈ ಖೋಲಿಗೆ ಒಂದು ದಿನ ಬಂದಾಕಿ ಮತ್ತ ಬರ್ಲೇ ಇಲ್ಲ ಅಂದ. ಸಾಲಿಗೆ ಹೋಗ್ತಿದ್ರ ಅಜ್ಜಿ ಹತ್ರ ಬಿಟ್ಟು ಹೋಗ್ತೀನಿ, ಇಲ್ಲಂದ್ರ ವಾಪಸ್ ಕೆಲಸಕ್ಕ ಕರಕೊಂಡು ಹೋಗ್ತೀನಿ ಅಂತ ಗದ್ದೆಮ್ಮ ಕುಂತಾಳಂತ. ಬೆಂಗಳೂರು ಬಸ್ಸು ಅವತ್ತು ಸಂಜೀಗೇ.

ಸಿಟ್ಟು ನೆತ್ತಿಗೇರಿತ್ತು, ಆದ್ರ ಅವನ್ನ ಹೆಂಗ ಬೈಯಲಿ. ನನ್ನ ಮಾತು ಕೇಳಿದಾಂವ ಅಂವಾ ಒಬ್ಬನಾ. ಮೆಲ್ಲಕ ಹೇಳಿದೆ, ಹೆಚ್ಚು ಕೊಡ್ರಿ ಅಂದಿದ್ದೆ, ಬ್ಯಾರೆ ಕುಂದ್ರಸ್ರಿ ಅಂದಿರ್ಲಿಲ್ಲ, ಇವತ್ತಾ ಬೋರ್ಡ್ ತಗೀರಿ, ಮಕ್ಕಳನ್ನ ಅವ್ರವ್ರ ಬೆಂಚಿಗೆ ಕಳಸ್ರಿ ಅಂತ. ಅಂವಾ ನನ್ನ ಮಾರೀನಾ ನೋಡಿದ.

"ನೀವಾ ಹೇಳಿದ್ರಲ್ರೀ ಮೇಡಂ," ಅಂದ. "ನಾ ಫ್ಯಾನ್ ಸೈತ ಬಿಚ್ಚಿ ಕೊಟ್ಟೀನಿ."

ಮಾತು ಮನಸ್ಸಿಗೆ ಹಚ್ಚಿಕೊಂಡ ಅಂವಾ ಗಾಡಿ ಕೀಲಿ ಕೈಗೆ ತಗೊಂಡ. ಆಮ್ಯಾಲೆ, ಬರ್ರಿ, ಆ ಹುಡುಗೀನಾ ಕೇಳೂಣು ಅಂದ. ನನ್ನ ಮೊಣಕಾಲಿನ ಹಣಿಬರಾ, ಅವನ ಮೋಟಾರ್ ಸೈಕಲ್ ಮ್ಯಾಲೆ ಹಿಂದ ಕುಂತು ಕೇರಿಗೆ ಹೋದೆ.

ಗದ್ದೆಮ್ಮ ಕಟ್ಟಿ ಮ್ಯಾಲೆ ಕುಂತು ಒಣಗಿಸಿದ ಕಟಿ ರೊಟ್ಟಿ ಅರಿವಿಯಾಗ ಕಟ್ಟಾಕತ್ತಿದ್ಲು. ಶೇಂಗಾ ಚಟ್ನಿ ಡಬ್ಬಿ, ಹಾಸಿಗಿ ಸುರಳಿ, ಎಲ್ಲಾ ಆಗ್ಲೇ ತಯಾರಾಗಿದ್ವು. ಹೆಡ್‌ಮಾಸ್ತರನ್ನ ನೋಡಿ ಎದ್ದು ನಿಂತು, ಬರ್ರಿ ಯಪ್ಪಾ ಅಂತ ಚಾಪಿ ಹಾಸಿದ್ಲು. ಜಗಳಾಡೋ ಹೆಣ್ಮಗಳು ಅಲ್ಲ ಆಕಿ. ಬೆಂಗಳೂರಾಗ ತಗಡಿನ ಶೆಡ್ಡಿನ್ಯಾಗ ಇರ್ತೀವ್ರಿ, ಅಲ್ಲಿ ಸಾಲಿಗೆ ಹಚ್ಚಿದ್ರ ರಾಯಚೂರು ಕಡೀ ಮಕ್ಕಳು ಅಂತ ಬ್ಯಾರೆ ಕುಂದ್ರಿಸಿದ್ರು, ಇಲ್ಲಿ ನಮ್ಮೂರಿಗೆ ಬಂದ್ರ ಗುಳೆ ಮಕ್ಕಳು ಅಂತ ಬ್ಯಾರೆ ಕುಂದ್ರಿಸ್ಯಾರ, ಹಂಗಿದ್ಮ್ಯಾಲೆ ಊರು ಯಾವುದು ಪರಊರು ಯಾವುದು ಅಂತ ಕೇಳಿದ್ಲು. ದನಿ ಏರಿಸಿ ಕೇಳ್ಲಿಲ್ಲ. ಏರಿಸಿದ್ದರ ನನಗ ಸಲೀಸಾಗ್ತಿತ್ತು.

ದುರ್ಗಾ ಬಾಗಿಲಾಗ ನಿಂತಿದ್ಲು. ಬಿಸಿಲಿಗೆ ಕಂದಿದ ಮಾರಿ, ಕೈಯಾಗ ಸಿಮೆಂಟಿನ ಗೆರಿ ಇನ್ನೂ ಹೋಗಿರ್ಲಿಲ್ಲ. ಪಂಪಾಪತಿ ಆಕೀಗೆ ಬೈಲಿಲ್ಲ, ನಿನ್ನ ಸಲುವಾಗಿ ಏನೇನು ಮಾಡೀನಿ ಅಂತ ಒಂದೊಂದಾ ಹೇಳಿದ. ಫ್ಯಾನು, ಹಲಗಿ, ಮಾಸ್ತರರು. ಯಾಕವ್ವಾ, ಏನು ಕಡಿಮಿ ಆತು ಅಂತ ಕೇಳಿದ. ಆಕಿ ಅವ್ವನ ಕಡಿ ನೋಡಿ, ಆಮ್ಯಾಲೆ ಹೇಳಿದ್ಲು.

"ಸರ್, ದಸರಾದಾಗ ಹೋಗಾಗ ನನ್ನ ಬೆಂಚಿನ ಮ್ಯಾಲೆ ದಸ್ತಿ ಹಾಕಿ ಹೋಗಿದ್ದೆ. ಅಲ್ಮಾಸ್ ಕಾಯ್ದಾಳ್ರಿ. ಯಾರು ಬಂದ್ರೂ ಕುಂದ್ರಗೊಟ್ಟಿಲ್ಲ. ದಸ್ತಿ ಹಾಕಿದ ಜಾಗದಾಗಿಂದ ಬಸ್ಸಿನ್ಯಾಗೂ ಯಾರೂ ಎಬ್ಬಸಂಗಿಲ್ಲ. ನೀವು ಎಬ್ಬಿಸಿದ್ರಿ."

ಅಲ್ಮಾಸ್ ಅಂದ್ರ ಆಕೀ ಮಗ್ಗಲಿಗೆ ಕುಂದ್ರೋ ಗೆಳತಿ, ತರಕಾರಿ ಮಾರೋ ಬಡೇಬೀ ಮೊಮ್ಮಗಳು. ಮೂರು ತಿಂಗಳು ಮ್ಯಾಲಾಗಿತ್ತು, ಆ ಹುಡುಗಿ ಒಂದು ದಸ್ತಿ ಕಾಯ್ಕೊಂಡು ಕುಂತಿದ್ಲು. ಪಂಪಾಪತಿ ದಿನಾ ಆ ಬೆಂಚಿನ ಮುಂದಿಂದಾನಾ ಅಡ್ಡಾಡಿದ್ದ. ಯಾರೋ ಬೆಂಚ್ ಒರಸೋ ಅರಿವಿ ಇಟ್ಟಾರ ಅಂತ ತಿಳ್ಕೊಂಡಿದ್ನಂತ.

ನಾನು ಅವನ ಮಾರಿ ನೋಡಿದೆ. ನಾಳಿಂದ ನಿನ್ನ ಜಾಗ ನಿನಗ ಅಂತ ಒಂದು ಮಾತು ಅಂದಿದ್ರ ಮುಗೀತಿತ್ತು. ಅಂವಾ ಅಂದ, ಸೋಮವಾರ ಖೋಲಿ ನೋಡಾಕ ಸಾಹೇಬ್ರು ಬರ್ತಾರವ್ವಾ, ಖೋಲಿ ಫೋಟೋ ಎಲ್ಲಾ ಮ್ಯಾಲಿನ ಆಫೀಸಿಗೆ ಹೋಗ್ಯಾವ, ಅವ್ರು ನೋಡಿ ಹೋಗೂತನಾ ಇದಾ ಖೋಲಿಯಾಗ ಕುಂದ್ರು, ಮರುದಿನಾನಾ ನಿನ್ನ ಬೆಂಚಿಗೆ ಕಳಸ್ತೀನಿ. ಖರೇನಾ ಕಳಸ್ತಿದ್ದ, ಅಂವಾ ಸುಳ್ಳು ಹೇಳೋ ಮನಶಾ ಅಲ್ಲ. ಆದ್ರ ಗದ್ದೆಮ್ಮ ರೊಟ್ಟಿ ಗಂಟು ಬಿಗಿದು ಕಟ್ಟಿದ್ಲು. ಸಾಹೇಬ್ರು ನೋಡಾಕ ನನ್ನ ಮಗಳನ್ನ ಕುಂದ್ರಸಂಗಿಲ್ರಿ ಯಪ್ಪಾ ಅಂದ್ಲು.

ನಾನು ಹೇಳಬೇಕಾದದ್ದು ಎಲ್ಲಾ ಹೇಳಿದೆ. ಗದ್ದೆಮ್ಮನ ಕೈ ಹಿಡಕೊಂಡೆ, ನಾನೂ ನಿಮ್ಮಂಥವ್ರ ಮಗಳಾ ಅಂದೆ, ಬಾಗಿಲ ಹತ್ರ ಕುಂತ ಸುದ್ದಿ ಹೇಳಿದೆ. ಆಕಿ ಕೇಳಿದ್ಲು, ತಲಿ ಅಲ್ಲಾಡಿಸಿದ್ಲು. ಆದ್ರ ನೀವು ಬಾಗಿಲ ಹತ್ರ ಕುಂತ್ರೂ ಅದು ಎಲ್ಲಾರೂ ಇರೋ ಖೋಲಿ ಆಗಿತ್ತಲ್ರೀ ಯಕ್ಕಾ ಅಂದ್ಲು. ನನಗ ಒಳಗಿಂದ ದಣಿವು ಬಂದಂಗಾತು. ಬೋರ್ಡ್ ತಗಸೋ ಅಧಿಕಾರ ನನಗ ಇರ್ಲಿಲ್ಲ. ಹೇಳೋದಷ್ಟಾ ನನ್ನ ಕೆಲಸ.

ಸಂಜಿ ದೇವದುರ್ಗದ ಬಸ್ ಸ್ಟ್ಯಾಂಡಿನ್ಯಾಗ ಅವ್ರ ಬಸ್ಸು ಬಂತು. ನಾನು ರಾಯಚೂರು ಬಸ್ಸಿಗೆ ಕಾಯ್ಕೋತ ಆ ಕಡೀನಾ ನೋಡಾಕತ್ತಿದ್ದೆ. ಬಸ್ಸು ತಿರುಗಿ ನಿಂದ್ರೂದ್ರೊಳಗ ದುರ್ಗಾ ಗಾಲಿ ಮ್ಯಾಲೆ ಕಾಲಿಟ್ಟು ಏರಿ, ತನ್ನ ಓಢಣೀನಾ ತಗದು ಕಿಡಕಿಯೊಳಗ ಒಗದ್ಲು. ಅವ್ವಗ ಒಂದು, ತನಗ ಒಂದು ಜಾಗ ಸಿಕ್ತು. ಒಳಗ ಹೋಗಿ ಕುಂತಾಕಿ ನನ್ನ ನೋಡಿ ಕೈ ಮಾಡಿದ್ಲು. ಯಾರೂ ಆಕೀನ್ನ ಏಳು ಅನ್ಲಿಲ್ಲ.

ಮರುದಿನ ಮುಂಜಾನಿ ಪಂಪಾಪತಿ ಫೋನ್ ಮಾಡಿದ. ಬೋರ್ಡ್ ತಗದೀನ್ರಿ, ನಾಕೂ ಮಕ್ಕಳನ್ನ ಅವ್ರ ಬೆಂಚಿಗೆ ಕಳಸೀನಿ ಅಂದ. ಸಾಹೇಬ್ರು ಬರ್ತಾರಲ್ಲ ಅಂತ ನಾನಾ ನೆನಪು ಮಾಡಿದೆ. ಬರ್ಲಿ ಅಂದ. ಸೋಮವಾರ ಅವ್ರು ಬಂದ್ರು, ಖೋಲಿ ಎಲ್ಲಿ ಅಂತ ಕೇಳಿದ್ರು, ಎಲ್ಲಾ ಮಾಸ್ತರರ ಮುಂದ ಅವನ ಮಾನ ತಗದು ಹೋದ್ರು. ಅಂವಾ ದಿನಾ ಗದ್ದೆಮ್ಮಗ ಫೋನ್ ಹಚ್ಚಿದ. ಒಂದ್ಸಲ ಎತ್ತಿದ್ಲು. ಇಟ್ಟಂಗಿ ಹೊರಾಕತ್ತಾಳ್ರಿ, ಮೇಸ್ತ್ರಿ ಬಿಡವಲ್ಲ ಅಂದು ಇಟ್ಟಳಂತ. ಪರೀಕ್ಷಿ ಬಂತು, ಹೋತು. ದುರ್ಗಾ ಬರ್ಲಿಲ್ಲ.

ಇಷ್ಟಾ ಆಗಿದ್ರ ಸುಮ್ನ ಇರ್ತಿದ್ದೆ. ಆದ್ರ ಫೋಟೋ ಮ್ಯಾಲೆ ಹೋಗಿತ್ತಲ್ಲ. ಖೋಲಿ ಹೋದ್ರೂ ಫೋಟೋ ಉಳೀತು, ಮತ್ತ ಅದು ಮಂದಿಗೆ ಭಾಳ ಚಂದ ಕಂಡಿತ್ತು. ಜೂನಿನ್ಯಾಗ ಸಾಲಿ ಸುರುವಾಗೂ ಹೊತ್ತಿಗೆ ಮ್ಯಾಲಿನ ಆಫೀಸಿನವ್ರು ನನಗ ಹೇಳಿ ಕಳಸಿದ್ರು, ಮಾನ್ವಿಗೆ ಹೋಗಿ ಅಲ್ಲೀ ಹೆಡ್‌ಮಾಸ್ತರರಿಗೆ ಹಿಂಥಾ ಖೋಲಿ ಹೆಂಗ ಮಾಡಬೇಕು ಅಂತ ತರಬೇತಿ ಕೊಡ್ರಿ ಅಂತ. ನಾನು ನಕ್ಕೆ. ಅಳಬೇಕಿತ್ತು, ತ್ರಾಣ ಇರ್ಲಿಲ್ಲ. ಆಮ್ಯಾಲೆ ಪಂಪಾಪತಿಗೆ ಫೋನ್ ಮಾಡಿ, ನೀವು ಬರ್ರಿ, ಈ ಸಲ ನಾ ಮಾತಾಡಂಗಿಲ್ಲ, ನೀವು ಮಾತಾಡ್ರಿ ಅಂದೆ.

ಅಂವಾ ಎಲ್ಲಾರಿಕಿಂತ ಮೊದ್ಲು ಬಂದಿದ್ದ. ಮುಂದಿನ ಸಾಲಿನ ನಡುವಿನ ಕುರ್ಚಿ ಮ್ಯಾಲೆ ಒಂದು ದಸ್ತಿ ಹಾಸಿದ್ದ. ಗುಲಾಬಿ ಬಣ್ಣ ಮಾಸಿ ಹೋದ ಅಗ್ಗದ ದಸ್ತಿ, ಮೂಲಿಗೆ ದಾರದ ಹೂವು. ಹೆಡ್‌ಮಾಸ್ತರರು ಒಬ್ಬೊಬ್ಬರಾ ಬಂದ್ರು. ಎಲ್ಲಾರೂ ಆ ಕುರ್ಚಿ ನೋಡಿ ದಾಟಿ ಹೋಗಿ ಹಿಂದ ಕುಂತ್ರು. ಕುರ್ಚಿ ತೀರಿದ್ವು. ಒಬ್ಬರು ತಡಾಗಿ ಬಂದು ಗ್ವಾಡಿಗೆ ಒರಗಿ ನಿಂತ್ರು, ಆದ್ರೂ ಅಲ್ಲಿ ಕುಂದ್ರಲಿಲ್ಲ. ನಿಂತು ನಿಂತು ಕಾಲು ನೋಯ್ದಾವೇನೋ, ಕಡೀಕ ಕೇಳೇ ಬಿಟ್ರು, ಯಾವ ಸಾಹೇಬ್ರು ಬರೋರದಾರ್ರೀ ಅಂತ.

"ಸಾಹೇಬ್ರಲ್ರಿ," ಅಂದ ಪಂಪಾಪತಿ. "ದುರ್ಗಾ ಅಂತ, ಹತ್ತನೇ ಕ್ಲಾಸು. ಈ ಕುರ್ಚಿಗೆ ನೀವು ಯಾರೂ ಹೇಳದೆ ಮರ್ಯಾದಿ ಕೊಟ್ರಿ. ಆಕೀ ಬೆಂಚಿನ ಮ್ಯಾಲೆ ಇದಾ ದಸ್ತಿ ನನಗ ದಿನಾ ಕಾಣ್ತಿತ್ತು, ಆದ್ರೂ ನಾ ಕೊಡ್ಲಿಲ್ಲ."

ಆಮ್ಯಾಲೆ ಅಂವಾ ಎಲ್ಲಾ ಹೇಳಿದ, ಫ್ಯಾನಿನಿಂದ ಹಿಡಿದು ಬಸ್ಸಿನ ತನ. ತನ್ನ ಬಗ್ಗೆ ಏನೂ ಮುಚ್ಚಿಡ್ಲಿಲ್ಲ. ಹಿಂದ ಇಬ್ಬರು ಫೋನ್ ನೋಡಾಕತ್ತಿದ್ರು, ಅದು ಇರೋದಾ. ಉಳಿದವ್ರು ಕೇಳಿದ್ರು. ಕಡೀ ಪರೀಕ್ಷಿ ದಿನ ಅಲ್ಮಾಸ್ ತನ್ನ ಹತ್ರ ಬಂದು ಈ ದಸ್ತಿ ಕೊಟ್ಲು ಅಂದ. ಆಕಿ ಅಂದದ್ದು ಇಷ್ಟಾ ಅಂತ.

"ಸರ್, ನಂದು ಸಾಲಿ ಮುಗೀತು. ಇನ್ನ ಜಾಗ ನೀವು ಹಿಡೀರಿ."

ಆಮ್ಯಾಲೆ ಅಲ್ಲಿ ಖೋಲಿ ಹೆಂಗ ಮಾಡಬೇಕು ಅಂತ ಯಾರೂ ಕೇಳ್ಲಿಲ್ಲ. ತಡಾಗಿ ಬಂದ ಆ ಹೆಡ್‌ಮಾಸ್ತರರು ಸಂಜೀತನ ನಿಂತಾ ಇದ್ರು. ಕುರ್ಚಿ ಖಾಲೀನಾ ಇತ್ತು.