ಏಪ್ರಿಲ್ ಹನ್ನೆರಡರ ನಾಲ್ಕನೇ ಸಾಲು

ತಾರೀಕಮ್ಮನಿಗೆ ಈ ಭೂಮಿಯ ಮೇಲೆ ಇಬ್ಬರನ್ನು ಕಂಡರೆ ಆಗುತ್ತಿರಲಿಲ್ಲ. ಮನೆಯಲ್ಲಿ ಅತ್ತಿಗೆ, ಕಚೇರಿಯಲ್ಲಿ ಸಂಪಾದಕ. ಬೆಳಿಗ್ಗೆ ಒಬ್ಬರ ನಾಲಿಗೆಯಿಂದ ತಪ್ಪಿಸಿಕೊಂಡು ಹೊರಟರೆ ಹತ್ತು ಗಂಟೆಗೆ ಸರಿಯಾಗಿ ಇನ್ನೊಬ್ಬರ ನಾಲಿಗೆಗೆ ಸಿಕ್ಕಿಬೀಳಬೇಕು. ಹಾಗಂತ ಅವಳೇನೂ ಬಾಯಿಲ್ಲದ ಬಡಪಾಯಿಯಲ್ಲ ಬಿಡಿ. ಒಂದು ಅಂದರೆ ಎರಡು ಅನ್ನುವ ಪೈಕಿ. ಆದರೆ ಈ ಇಬ್ಬರ ಮುಂದೆ ಮಾತ್ರ ಅವಳ ಎರಡು ಯಾವತ್ತೂ ಸಾಲುತ್ತಿರಲಿಲ್ಲ.

ತಾರೀಕಮ್ಮ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕಚೇರಿಯವರು ಕಟ್ಟಿದ್ದು. ಬೆಳಗಿನ ಪತ್ರಿಕೆಯೊಂದರ ಆರನೇ ಪುಟದ ಮೂಲೆಯಲ್ಲಿ ದಿನಾ ಬರುತ್ತಿದ್ದ ‘ಈ ದಿನ, ಆ ದಿನ’ ಅವಳ ಅಂಕಣ. ಜಗತ್ತಿನಲ್ಲಿ ಹಿಂದೆ ಇದೇ ತಾರೀಕಿನಂದು ಏನೇನು ನಡೆಯಿತು ಎಂದು ಐದು ಸಾಲು. ಅದಕ್ಕಾಗಿ ಅವಳ ಮೇಜಿನ ಪಕ್ಕದ ಕಬ್ಬಿಣದ ಕಪಾಟಿನಲ್ಲಿ ಮುನ್ನೂರ ಅರವತ್ತಾರು ಲಕೋಟೆಗಳಿದ್ದವು. ಫೆಬ್ರವರಿ ಇಪ್ಪತ್ತೊಂಬತ್ತಕ್ಕೂ ಒಂದು. ಇಪ್ಪತ್ತೆರಡು ವರ್ಷದಿಂದ ಕತ್ತರಿಸಿ, ಬರೆದು, ಅಂಟಿಸಿ ತುಂಬಿದ ಲಕೋಟೆಗಳು. ಯಾರಾದರೂ ಮದುವೆ ಕರೆಯೋಲೆ ತಂದುಕೊಟ್ಟರೆ ತಾರೀಕು ನೋಡಿ, ‘ಓಹೋ, ಆ ದೊಡ್ಡ ಹಡಗು ಮುಳುಗಿದ ದಿನ, ಒಳ್ಳೇದಾಗಲಿ’ ಎಂದು ಹರಸುತ್ತಿದ್ದಳು. ಮದುವೆ ಹುಡುಗನ ಮುಖ ಹುಳ್ಳಗಾದರೆ ಅವಳಿಗೆ ಅವತ್ತಿನ ಊಟ ಚೆನ್ನಾಗಿ ಸೇರುತ್ತಿತ್ತು.

ಏಪ್ರಿಲ್ ಹನ್ನೆರಡರ ಲಕೋಟೆ ಮಾತ್ರ ಅವಳ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು. ಆ ದಿನಕ್ಕೆ ಸುದ್ದಿಯ ಬರವೇನೂ ಇರಲಿಲ್ಲ. ಅಮೆರಿಕದ ಅಂತರ್ಯುದ್ಧದ ಮೊದಲ ಗುಂಡು ಹಾರಿದ್ದು ಅವತ್ತು. ಪೋಲಿಯೊ ಲಸಿಕೆ ಕೆಲಸ ಮಾಡುತ್ತದೆ ಎಂದು ಸಾರಿದ್ದು ಅವತ್ತು. ಮನುಷ್ಯ ಮೊದಲ ಸಲ ಅಂತರಿಕ್ಷಕ್ಕೆ ಹೋಗಿಬಂದದ್ದೂ ಅವತ್ತೇ. ಅದೇ ತಾರೀಕಿನಂದು, ಇಪ್ಪತ್ತಮೂರು ವರ್ಷದ ಹಿಂದೆ, ಅವರ ಮನೆಯಿಂದ ಮೂರು ಬೀದಿ ಆಚೆಯ ಬಣ್ಣದ ಗಿರಣಿಯಲ್ಲಿ ಬಾಯ್ಲರ್ ಸಿಡಿದು ಮೂವತ್ತೊಂದು ಜನ ಸತ್ತಿದ್ದರು. ಅವರಲ್ಲಿ ಒಬ್ಬ ತಾರೀಕಮ್ಮನ ಒಡಹುಟ್ಟಿದ ಅಣ್ಣ, ಎಂದರೆ ಅತ್ತಿಗೆಯ ಗಂಡ.

ಸತ್ತವರೆಲ್ಲ ದಿನಗೂಲಿಯವರು. ಗಿರಣಿಯ ಹಾಜರಿ ಪುಸ್ತಕದಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಹೆಸರೇ ಇಲ್ಲದವರು ಸಾಯುವುದು ಹೇಗೆ? ಗಿರಣಿಯ ಧಣಿಯೇ ಪತ್ರಿಕೆಯ ಧಣಿ. ‘ಬಾಯ್ಲರ್ ಕೆಟ್ಟಿದೆ, ಯಾರಿಗೂ ಅಪಾಯವಾಗಿಲ್ಲ’ ಎಂದು ಮಾರನೇ ದಿನ ಪತ್ರಿಕೆಯಲ್ಲಿ ಬಂತು. ಅದನ್ನು ಬರೆದ ಎಳೆ ವರದಿಗಾರ ಮುಂದೆ ಮೆಟ್ಟಿಲೇರಿ ಮೆಟ್ಟಿಲೇರಿ ಸಂಪಾದಕನಾದ. ಸಿಕ್ಕಷ್ಟು ದೇಹಗಳನ್ನು ಮಣ್ಣು ಮಾಡಿ, ವಾರದೊಳಗೆ ಹೊಸ ಸೂರು ಹೊದಿಸಿ, ಗಿರಣಿ ಮತ್ತೆ ಶುರುವಾಯಿತು. ಆ ಮೂವತ್ತೊಂದು ಜನ ಸತ್ತರು ಎಂದು ಹೇಳುವ ಒಂದು ಅಕ್ಷರ ಯಾವ ಕಾಗದದಲ್ಲೂ ಉಳಿಯಲಿಲ್ಲ.

ಅದಾದ ವರ್ಷಕ್ಕೆ ತಾರೀಕಮ್ಮ ಅದೇ ಪತ್ರಿಕೆಗೆ ಕೆಲಸಕ್ಕೆ ಸೇರಿದಳು. ಒಳಗೆ ಹೊಕ್ಕರೆ ಎಂದಾದರೊಂದು ದಿನ ಒಂದು ಸಾಲು ಅಚ್ಚಾಗಿಸಬಹುದು ಎನ್ನುವುದು ಅವಳ ಲೆಕ್ಕ. ಅಣ್ಣನನ್ನು ನುಂಗಿದವರ ಉಪ್ಪು ತಿನ್ನಲು ಹೋದಳು ಎನ್ನುವುದು ಅತ್ತಿಗೆಯ ಲೆಕ್ಕ. ಇಬ್ಬರೂ ಒಂದೇ ಸೂರಿನಡಿ ಇದ್ದರು, ಒಂದೇ ಒಲೆಯಲ್ಲಿ ಬೇಯಿಸಿ ತಿನ್ನುತ್ತಿದ್ದರು, ಎಣ್ಣೆ ಸೀಗೆಕಾಯಿಯ ಹಾಗೆ ಬಾಳುತ್ತಿದ್ದರು. ಪ್ರತಿ ಏಪ್ರಿಲ್ ಹನ್ನೆರಡರಂದು ಪತ್ರಿಕೆಯನ್ನು ಮೊದಲು ಬಿಡಿಸುತ್ತಿದ್ದವಳು ಅತ್ತಿಗೆ. ಆರನೇ ಪುಟದ ಮೂಲೆಗೆ ಬೆರಳಿಟ್ಟು ಐದೂ ಸಾಲು ಓದಿ, ಮಡಚಿ, ನಾದಿನಿಯ ಮಡಿಲಿಗೆ ಎಸೆಯುತ್ತಿದ್ದಳು. ‘ಲೋಕದ ರಾಜರೆಲ್ಲ ಸತ್ತ ದಿನ ಬರೀತೀಯ, ಒಡಹುಟ್ಟಿದವನು ಸತ್ತ ದಿನ ಬರೆಯೋಕೆ ನಿನ್ನ ಕೈಗೆ ಲಕ್ವ ಹೊಡೆದಿದೆ’ ಎನ್ನುತ್ತಿದ್ದಳು. ತಾರೀಕಮ್ಮ ಹಲ್ಲು ಕಚ್ಚಿಕೊಂಡು ಚಪ್ಪಲಿ ಮೆಟ್ಟಿ ಹೊರಡುತ್ತಿದ್ದಳು.

ಬರೆಯದೆ ಏನು? ನಾಲ್ಕು ಸಲ ಬರೆದಿದ್ದಳು. ನಾಲ್ಕು ಸಲವೂ ಕರಡು ತಿದ್ದುವ ಮುದುಕಪ್ಪ ಅದನ್ನು ಸಂಪಾದಕನ ಕೋಣೆಗೆ ಒಯ್ದ, ಸಂಪಾದಕ ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ. ಕೊನೆಯ ಸಲವಂತೂ ಎಲ್ಲರೆದುರು ಕರೆಸಿ, ಇದು ಲೋಕದ ಅಂಕಣ ಮೇಡಂ, ನಿಮ್ಮ ಮನೆಯ ಗೋಡೆಗೆ ನೇತುಹಾಕಿದ ಕ್ಯಾಲೆಂಡರಲ್ಲ ಎಂದ. ಉಪಸಂಪಾದಕರೆಲ್ಲ ಕಿಸಕ್ಕೆಂದರು. ಅವರ ಮನೆ ಹಾಳಾಗ.

ಈಗ ಹುಸಿಯ ವಿಷಯ ಹೇಳಬೇಕು. ಊರಿನ ಸಂಜೆ ಪತ್ರಿಕೆಯವರು ಬೆಳಗಿನ ಅಂಕಣವನ್ನು ಸಂಜೆಗೆ ಅನಾಮತ್ತಾಗಿ ಎತ್ತಿ ತಮ್ಮದೆಂದು ಹಾಕಿಕೊಳ್ಳುತ್ತಿದ್ದರು. ಕಳ್ಳರನ್ನು ಹಿಡಿಯಲು ತಾರೀಕಮ್ಮನೇ ಒಂದು ಉಪಾಯ ಹೂಡಿದ್ದಳು. ತಿಂಗಳಿಗೊಂದು ಸಾಲು ಶುದ್ಧ ಸುಳ್ಳು ಹಾಕುವುದು. ಯಾವುದೋ ದ್ವೀಪದಲ್ಲಿ ಕತ್ತೆಗಳಿಗೆ ವಾರದ ರಜೆ ಘೋಷಣೆ, ಯಾವುದೋ ಪಟ್ಟಣದಲ್ಲಿ ಛತ್ರಿ ನಿಷೇಧ, ಹೀಗೆ. ಯಾರ ಹೊಟ್ಟೆಯೂ ಉರಿಯದ ಸುಳ್ಳು. ಸಂಜೆ ಪತ್ರಿಕೆ ಅದನ್ನೂ ಎತ್ತಿದರೆ ಕಳ್ಳತನ ಸಾಬೀತು. ಒಳಗಿನವರು ಸುಳಿವು ಕೊಡಬಾರದೆಂದು ಅದಕ್ಕೊಂದು ಕ್ರಮವಿತ್ತು. ತಿಂಗಳ ಮೊದಲ ದಿನ ಅವಳು ಆ ತಿಂಗಳ ಹುಸಿ ಯಾವುದೆಂದು ಚೀಟಿಯಲ್ಲಿ ಬರೆದು, ಸಹಿ ಹಾಕಿ, ಲಕೋಟೆಯಲ್ಲಿಟ್ಟು ಅಂಟಿಸಬೇಕು. ಅಂಟಿನ ಮೇಲೆ ಸಂಪಾದಕ ಸಹಿ ಹಾಕಿ ತನ್ನ ಖಾನೆಯಲ್ಲಿ ಇಟ್ಟುಕೊಳ್ಳಬೇಕು. ಕಳ್ಳ ಸಿಕ್ಕಾಗ ಮಾತ್ರ ಒಡೆಯಬೇಕು. ಮುದುಕಪ್ಪನೊಬ್ಬನಿಗೆ ತಿಳಿಯಲೆಂದು ಕರಡಿನಲ್ಲಿ ಆ ಸಾಲಿನ ಪಕ್ಕ ಅವಳು ಒಂದು ಹಸಿರು ಚುಕ್ಕಿ ಇಡುತ್ತಿದ್ದಳು. ಹಸಿರು ಚುಕ್ಕಿಯ ಸಾಲನ್ನು ಯಾರೂ ಪರೀಕ್ಷಿಸುವಂತಿಲ್ಲ, ಯಾರೂ ಮುಟ್ಟುವಂತಿಲ್ಲ.

ಬರುವ ಮೇ ತಿಂಗಳಿಗೆ ಅವಳ ನಿವೃತ್ತಿ. ಇನ್ನೊಂದು ಏಪ್ರಿಲ್ ಹನ್ನೆರಡು ಅವಳ ಕೈಗೆ ಸಿಗುವುದಿಲ್ಲ. ಅವಳು ಹೋದ ಮೇಲೆ ಆ ಸಾಲು ಬರೆಯುವ ಗರಜು ಯಾರಿಗಿದೆ? ಮಾರ್ಚ್ ಪೂರ್ತಿ ಒಳಗೊಳಗೇ ಕುದಿದಳು. ಏಪ್ರಿಲ್ ಒಂದರಂದು ಚೀಟಿ ತೆಗೆದು, ‘ಹನ್ನೆರಡನೇ ತಾರೀಕು, ನಾಲ್ಕನೇ ಸಾಲು, ಹುಸಿ’ ಎಂದು ಬರೆದು ಸಹಿ ಹಾಕಿ ಅಂಟಿಸಿದಳು. ಸಂಪಾದಕ ಫೋನಿನಲ್ಲಿ ಮಾತಾಡುತ್ತಲೇ ಅದರ ಬೆನ್ನ ಮೇಲೆ ಗೀಚಿದ. ಒಮ್ಮೆ ಅಚ್ಚಾಗಿಬಿಟ್ಟರೆ ಮುಗಿಯಿತು, ಮನೆಮನೆಗೆ ಹೋದ ಪತ್ರಿಕೆಯನ್ನು ವಾಪಸು ತರಲು ಯಾವ ಧಣಿಗೂ ಆಗುವುದಿಲ್ಲ. ಹೆಚ್ಚೆಂದರೆ ಕೆಲಸದಿಂದ ತೆಗೆಯುತ್ತಾರೆ, ತೆಗೆಯಲಿ, ಉಳಿದಿರುವುದೇ ಒಂದು ತಿಂಗಳು ಎಂದು ಧೈರ್ಯ ಮಾಡಿದಳು.

ಹನ್ನೊಂದರ ಮಧ್ಯಾಹ್ನ ಮುದುಕಪ್ಪ ಕರಡು ಹಿಡಿದು ಅವಳ ಮೇಜಿನ ಹತ್ತಿರ ಬಂದ. ಕನ್ನಡಕ ಹಣೆಗೇರಿಸಿ ಹಸಿರು ಚುಕ್ಕಿಯನ್ನೂ ಸಾಲನ್ನೂ ಮತ್ತೆ ಮತ್ತೆ ನೋಡಿದ. ‘ಬಣ್ಣದ ಗಿರಣಿಯ ಬಾಯ್ಲರ್ ಸಿಡಿದು ಮೂವತ್ತೊಂದು ಕಾರ್ಮಿಕರ ಸಾವು.’ ಅವನಿಗೂ ಆ ಬೀದಿ ಗೊತ್ತು, ಆ ದಿನ ಗೊತ್ತು.

“ಇದು ಹುಸಿನಾ, ತಾಯಿ?” ಎಂದ.

“ಹುಸಿನೇ” ಎಂದಳು. ಮುದುಕಪ್ಪ ಪುಟವನ್ನು ಅಚ್ಚಿಗೆ ಕಳಿಸಿದ.

ಹನ್ನೆರಡರ ಬೆಳಿಗ್ಗೆ ಅತ್ತಿಗೆ ಎಂದಿನಂತೆ ಪತ್ರಿಕೆ ಬಿಡಿಸಿದಳು. ಬೆರಳು ಯುದ್ಧ ದಾಟಿತು, ಲಸಿಕೆ ದಾಟಿತು, ಅಂತರಿಕ್ಷ ದಾಟಿತು, ನಾಲ್ಕನೆಯದರ ಮೇಲೆ ನಿಂತಿತು. ಓದಿದಳು. ತಲೆಯೆತ್ತಿ ನಾದಿನಿಯನ್ನು ನೋಡಿ, ಮತ್ತೆ ಓದಿದಳು. ಒಳಗೆ ಹೋಗಿ ಚಹಾ ಮಾಡಿ ತಂದು ಅವಳ ಮುಂದಿಟ್ಟಳು. ಇಪ್ಪತ್ತಮೂರು ವರ್ಷದಲ್ಲಿ ಅತ್ತಿಗೆ ತಾನಾಗಿ ಅವಳಿಗೊಂದು ಲೋಟ ನೀರು ಕೊಟ್ಟವಳಲ್ಲ. ತಾರೀಕಮ್ಮನಿಗೆ ಅಳು ಒತ್ತರಿಸಿ ಬಂತು, ಚಹಾ ನಾಲಿಗೆ ಸುಡುತ್ತಿದ್ದರೂ ಗಟಗಟ ಕುಡಿದಳು. ಅಷ್ಟರಲ್ಲಿ ಬೀದಿಯ ಹೆಂಗಸರು ಬರತೊಡಗಿದ್ದರು, ಗಂಡಂದಿರನ್ನೂ ಮಕ್ಕಳನ್ನೂ ಅದೇ ಬಾಯ್ಲರಿಗೆ ಕೊಟ್ಟವರು. ಓದಲು ಬಾರದವರಿಗೆ ಅತ್ತಿಗೆಯೇ ಓದಿ ಹೇಳಿದಳು. ಒಬ್ಬ ಮುದುಕಿ ಆ ಸಾಲಿನ ಮೇಲೆ ಅಂಗೈ ಇಟ್ಟುಕೊಂಡು ಗೋಡೆಗೊರಗಿ ಕೂತೇ ಬಿಟ್ಟಳು. ನಮ್ಮ ನಾದಿನಿ ಬರೆದದ್ದು, ಅವಳ ಗಟ್ಟಿತನ ನಿಮಗೇನು ಗೊತ್ತು ಎಂದು ಅತ್ತಿಗೆ ಬಂದವರಿಗೆಲ್ಲ ಹೇಳುತ್ತಿದ್ದುದು ಬಾಗಿಲಾಚೆಗೂ ಕೇಳುತ್ತಿತ್ತು.

ಕಚೇರಿಯಲ್ಲಿ ಅವತ್ತು ಬೈಗುಳ ಬೀಳಲಿಲ್ಲ. ಕರೆಯೂ ಬರಲಿಲ್ಲ. ಸಂಪಾದಕ ಎರಡು ಸಲ ಧಣಿಯ ಕೋಣೆಗೆ ಹೋಗಿಬಂದ, ಅಷ್ಟೇ. ಸಂಜೆಯ ಪತ್ರಿಕೆ ರೂಢಿಯಂತೆ ಐದೂ ಸಾಲನ್ನು ಕಣ್ಣುಮುಚ್ಚಿ ಎತ್ತಿ ಹಾಕಿತ್ತು. ಎರಡೆರಡು ಪತ್ರಿಕೆಯಲ್ಲಿ ಬಂತಲ್ಲ ಎಂದು ತಾರೀಕಮ್ಮ ಹಿಗ್ಗಿದಳು. ಹಿಗ್ಗಬಾರದಿತ್ತು.

ಹದಿಮೂರರ ಪತ್ರಿಕೆಯ ಮೊದಲ ಪುಟದಲ್ಲಿ ದಪ್ಪ ಅಕ್ಷರದ ಚೌಕಟ್ಟೊಂದು ಬಂತು. ನಮ್ಮ ಅಂಕಣ ಕದಿಯುವವರನ್ನು ಹಿಡಿಯಲು ನಾವೇ ಹೂಡಿದ ಬಲೆಗೆ ಸಂಜೆ ಪತ್ರಿಕೆ ಬಿದ್ದಿದೆ. ನಿನ್ನೆಯ ನಾಲ್ಕನೇ ಸಾಲು ಸಂಪೂರ್ಣ ಕಟ್ಟುಕಥೆ, ಅಂಥ ಘಟನೆ ಈ ಊರಿನಲ್ಲಿ ನಡೆದೇ ಇಲ್ಲ, ಮೂವತ್ತೊಂದು ಜನ ಸತ್ತೇ ಇಲ್ಲ. ಈ ಜಾಣ ಉಪಾಯ ನಮ್ಮ ಹಿರಿಯ ಸಹೋದ್ಯೋಗಿಯದು, ಅವರಿಗೆ ಅಭಿನಂದನೆ. ಕೆಳಗೆ ಅವಳ ಚೀಟಿಯ ಪಟ. ಅವಳದೇ ದುಂಡು ಅಕ್ಷರ, ಅವಳದೇ ಸಹಿ, ಹುಸಿ ಎನ್ನುವ ಪದದ ಸುತ್ತ ಅಚ್ಚಿನವರು ಎಳೆದ ಒಂದು ಸುತ್ತು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ತಾರೀಕಮ್ಮ ಅದನ್ನು ಕಚೇರಿಯ ಬಾಗಿಲಲ್ಲೇ ಓದಿ ನೇರವಾಗಿ ಸಂಪಾದಕನ ಕೋಣೆಗೆ ನುಗ್ಗಿದಳು. ಅವನು ಎದ್ದು ನಿಂತು ಕುರ್ಚಿ ತೋರಿಸಿದ. ನೀನು ಮನುಷ್ಯನಾ ಎಂದು ಅವಳು ಏಕವಚನದಲ್ಲೇ ಶುರು ಮಾಡಿದಳು. ಆ ಹೆಣಗಳನ್ನು ನೀನು ಕಣ್ಣಾರೆ ಕಂಡಿದ್ದೆ, ಅಂದೂ ಸುಳ್ಳು ಬರೆದೆ, ಇಂದೂ ಬರೆದೆ ಎಂದಳು. ನಾಳೆ ತಪ್ಪೊಪ್ಪಿಗೆ ಹಾಕದಿದ್ದರೆ ನಾನೇ ಬೀದಿಯಲ್ಲಿ ನಿಂತು ಅದು ನಿಜ ಎಂದು ಕೂಗುತ್ತೇನೆ ಎಂದಳು.

ಅವನು ಪೂರ್ತಿ ಕೇಳಿಸಿಕೊಂಡ. ಖಾನೆಯಿಂದ ಒಂದು ಕಟ್ಟು ತೆಗೆದು ಮೇಜಿನ ಮೇಲಿಟ್ಟ. ಅವಳ ಹಳೆಯ ಚೀಟಿಗಳು, ವರ್ಷಗಟ್ಟಲೆಯವು.

“ಕೂಗಿ, ಮೇಡಂ. ಜನ ಕೇಳಿದರೆ ನಾನು ಇದನ್ನೆಲ್ಲ ತೋರಿಸ್ತೀನಿ. ತಿಂಗಳಿಗೊಂದು ಸುಳ್ಳು ಬರೆದವರು ನೀವು, ಸಹಿ ಹಾಕಿದವರು ನೀವು. ಹುಸಿ ಅನ್ನೋ ಪದ ನಿಮ್ಮದೇ, ನಾನು ಸೇರಿಸಿದ್ದಲ್ಲ. ಇಷ್ಟು ವರ್ಷ ನನ್ನ ಕೈಲಿ ಪೂರ್ತಿ ಮಾಡೋಕಾಗದ ಕೆಲಸ ನೀವು ಒಂದು ಚೀಟೀಲಿ ಮಾಡಿಕೊಟ್ರಿ.”

ಇನ್ನು ಮುಂದೆ ಯಾರು ಗಿರಣಿಯ ಹೆಸರೆತ್ತಿದರೂ, ಅಯ್ಯೋ ಅದು ಪತ್ರಿಕೆಯವರ ಕಟ್ಟುಕಥೆಯಂತೆ ಕಣ್ರಿ ಎಂದು ಊರೇ ನಗುತ್ತದೆ ಎನ್ನುವುದು ಅವಳಿಗೆ ಆಗ ಹೊಳೆಯಿತು. ನಿನ್ನೆಯವರೆಗೆ ಅದು ಯಾರೂ ಬರೆಯದ ಸತ್ಯವಾಗಿತ್ತು. ಇವತ್ತು ಅಚ್ಚಾದ ಸುಳ್ಳಾಗಿತ್ತು. ನಿನ್ನ ವಂಶ ನಿರ್ವಂಶವಾಗಲಿ ಎಂದು ಬಾಯಿಬಿಟ್ಟು ಶಪಿಸಿ ಹೊರಬಂದಳು. ಮುದುಕಪ್ಪ ಕರಡಿನಿಂದ ಮುಖ ಎತ್ತಲಿಲ್ಲ.

ಮನೆ ತಲುಪುವಾಗ ಬೀದಿಯ ಹೆಂಗಸರು ಜಗಲಿಯಲ್ಲಿ ಇದ್ದರು. ಅವಳನ್ನು ಕಂಡು ಒಬ್ಬೊಬ್ಬರಾಗಿ ಎದ್ದು, ಮೈ ತಾಗದಂತೆ ಸರಿದು ಹೋದರು. ನಿನ್ನೆ ಅಂಗೈ ಇಟ್ಟುಕೊಂಡು ಕೂತಿದ್ದ ಮುದುಕಿ ಮಾತ್ರ ಹೋಗುವಾಗ ನೆಲಕ್ಕೆ ಉಗುಳಿದಳು.

ಅತ್ತಿಗೆ ಒಳಗೆ ಚಾಪೆಯ ಮೇಲೆ ಕೂತಿದ್ದಳು. ಎರಡೂ ದಿನದ ಪತ್ರಿಕೆ ಮುಂದೆ ಹರಡಿತ್ತು.

“ಇದು ನಿನ್ನ ಕೈಬರಹಾನಾ?”

ಹೌದು ಎಂದಳು ತಾರೀಕಮ್ಮ. ಅಚ್ಚಾಗಬೇಕಾದರೆ ಬೇರೆ ದಾರಿ ಇರಲಿಲ್ಲ, ಹುಸಿ ಎಂದು ಬರೆಯದಿದ್ದರೆ ಆ ಸಾಲು ಕಚೇರಿಯ ಹೊಸ್ತಿಲು ದಾಟುತ್ತಿರಲಿಲ್ಲ, ಅವನು ಇಂಥ ನೀಚ ಕೆಲಸ ಮಾಡುತ್ತಾನೆಂದು ಕನಸಿನಲ್ಲೂ ಎಣಿಸಿರಲಿಲ್ಲ ಎಂದು ಒಂದೇ ಉಸಿರಿಗೆ ಹೇಳಿದಳು. ಅಣ್ಣನ ಆಣೆ ಎಂದು ಅತ್ತಿಗೆಯ ಕಾಲಿನ ಹತ್ತಿರ ಕುಸಿದಳು. ಅತ್ತಿಗೆ ಕಾಲು ಹಿಂದಕ್ಕೆಳೆದುಕೊಂಡಳು. ಅವಳು ಅಳುತ್ತಿರಲಿಲ್ಲ, ದನಿಯನ್ನೂ ಏರಿಸಲಿಲ್ಲ. ಅಷ್ಟು ವರ್ಷದ ಬೈಗುಳದಲ್ಲಿ ಒಂದಾದರೂ ಬಂದಿದ್ದರೆ ತಾರೀಕಮ್ಮನಿಗೆ ಜೀವ ಬರುತ್ತಿತ್ತು.

“ಅವರು ಅವನನ್ನ ಸಾಯಿಸಿದ್ರು, ಅಷ್ಟೇ” ಎಂದಳು ಅತ್ತಿಗೆ. “ನೀನು ಅವನು ಸತ್ತೇ ಇಲ್ಲ ಅಂತ ಬರೆದು ಸಹಿ ಹಾಕ್ದೆ.” ಎದ್ದು ಹೋಗಿ ಬೀದಿಬಾಗಿಲನ್ನು ಪೂರ್ತಿ ತೆರೆದಳು. “ಸತ್ತಿಲ್ಲ ಅಂದ್ಮೇಲೆ ಎಲ್ಲೋ ಇರಬೇಕಲ್ಲ. ಹೋಗು, ಕರ್ಕೊಂಡು ಬಾ. ಅಲ್ಲಿ ತನಕ ಈ ಮನೆಗೆ ಕಾಲಿಡಬೇಡ.”