ಸೊಂಟದ ಮೇಲಿನ ಗಂಟು

"ಮಗು ಎಲ್ಲಿ? ಗಂಟಿನ ವಿಷಯ ನಾನು ಕೇಳಲಿಲ್ಲ. ಮಗು ಎಲ್ಲಿ?"

"ಒಳಗೆ ಮಲಗಿ ಉಂಟು ಮಾರಾಯ್ತಿ. ಇಡೀ ಕಾಲೊನಿಗೆ ಕೇಳುವ ಹಾಗೆ ಎಂತಕ್ಕೆ ಬೊಬ್ಬೆ ಹೊಡಿಯುದು ನೀನು?"

"ಮಗು ಒಳಗೆ, ನೀವು ರಸ್ತೆಯಲ್ಲಿ! ಎರಡು ವರ್ಷದ ಮಗುವನ್ನು ಬಿಟ್ಟು ಈ ದರಿದ್ರದ ಗಂಟು ಹೊತ್ತುಕೊಂಡು ಓಡಿ ಬಂದಿದ್ದೀರಲ್ಲ, ನೀವು ಮನುಷ್ಯರಾ?"

"ದರಿದ್ರ ಗಿರಿದ್ರ ಅಂದ್ರೆ ಹಲ್ಲು ಉದುರಿಸ್ತೇನೆ ನೋಡು!"

ಯಮುನ ಆ ಮಾತಿಗೆ ನಿಲ್ಲಲಿಲ್ಲ. ಕೈಯಲ್ಲಿದ್ದ ರೇಷನ್ ಅಕ್ಕಿಯ ಚೀಲವನ್ನು ರಸ್ತೆಯ ಕೆಸರಿಗೇ ಕೆಡವಿ ಮನೆಯೊಳಗೆ ಓಡಿದಳು.

ಬೊಳ್ಳಪ್ಪ ನಿಂತಲ್ಲೇ ನಿಂತಿದ್ದ. ಬರಿಗಾಲು. ಎಡಸೊಂಟದ ಮೇಲೆ ಗಂಟು, ಅದನ್ನು ಬಳಸಿ ಹಿಡಿದ ಎಡಗೈ. ಬಲಗೈಯಲ್ಲಿ ಎತ್ತಿ ಹಿಡಿದ ಲುಂಗಿಯ ಅಂಚು. ಆದದ್ದೇನೂ ದೊಡ್ಡದಲ್ಲ. ಮೇಲಿನ ರಸ್ತೆಯಲ್ಲಿ ಚರಂಡಿ ಕೆಲಸಕ್ಕೆಂದು ಟಿಪ್ಪರಿನವನು ಒಂದು ಲೋಡು ಜಲ್ಲಿ ಸುರಿದಿದ್ದ. ಆ ಸದ್ದು ಕಿವಿಗೆ ಬಿದ್ದದ್ದು ಬೊಳ್ಳಪ್ಪನಿಗೆ ಗೊತ್ತಿತ್ತು. ಈಗ ರಸ್ತೆಯಲ್ಲಿ ನಿಂತಿರುವುದೂ ಗೊತ್ತಿತ್ತು. ನಡುವಿನದು ಮಾತ್ರ ನೆನಪಿರಲಿಲ್ಲ.

ಪಕ್ಕದ ಮನೆಯ ಸಣ್ಣಸ್ವಾಮಿ ಮೆಟ್ಟಿಲ ಮೇಲೆ ಕೂತು ಬೀಡಿ ಸೇದುತ್ತಿದ್ದ.

"ಏನು ಬೊಳ್ಳಪ್ಪಣ್ಣ, ಬಸ್ಸಿಗಾ? ಮಾವನ ಮನೆಗೆ ಹೋಗುದಾದ್ರೆ ಒಂದು ಪ್ಯಾಂಟಾದ್ರೂ ಹಾಕ್ಕೊಳ್ಳಿ."

"ನಿನ್ನ ಬೀಡಿ ಸೇದು. ಬಾಯಿಗೆ ಒಂದು ಕೆಲಸ ಉಂಟಲ್ಲ, ಸಾಕು."

ಅವನು ಅಕ್ಕಿಯ ಚೀಲವನ್ನು ಬಲಗೈಯಲ್ಲಿ ಎಳೆದುಕೊಂಡು ಮನೆಗೆ ಬಂದ. ಗಂಟನ್ನು ಕೆಳಗಿಡಲಿಲ್ಲ. ಬಾಗಿಲ ಪಕ್ಕದ ಗೂಟಕ್ಕೆ ತೂಗುಹಾಕಿದ. ಯಮುನ ಮೊಮ್ಮಗಳು ಧೃತಿಯನ್ನು ಸೊಂಟಕ್ಕೇರಿಸಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮಗು ಬಿಕ್ಕಳಿಸುತ್ತಿತ್ತು.

"ಮಲಗಿ ಇತ್ತಾ? ಮಲಗಿ ಇತ್ತು ಅಂತೀರಲ್ಲ! ಎದ್ದು ಬಂದು ಹೊಸ್ತಿಲಲ್ಲಿ ನಿಂತು ಅಳ್ತಾ ಇತ್ತು. ಹೊಸ್ತಿಲಲ್ಲಿ!"

ಹೊಸ್ತಿಲು ಎಂಬ ಮಾತಿಗೆ ಬೊಳ್ಳಪ್ಪ ಮುಖ ತಿರುಗಿಸಿ ಅಕ್ಕಿಯ ಚೀಲವನ್ನು ಗೋಡೆಗೆ ಒರಗಿಸಿದ. ಯಾಕೆಂದು ಯಮುನಳಿಗೆ ಗೊತ್ತಿರಲಿಲ್ಲ. ಏಳು ವರ್ಷದಿಂದ ಅವಳಿಗೆ ಗೊತ್ತಾಗದಂತೆ ಅವನು ನೋಡಿಕೊಂಡಿದ್ದ.

ಆ ಗಂಟು ಅವನ ಮನೆತನದ್ದು. ಯಾವ ಕಾಲದ್ದೆಂದು ಹೇಳಬಲ್ಲವರು ಯಾರೂ ಉಳಿದಿರಲಿಲ್ಲ. ಘಟ್ಟದ ಕೆಳಗೆ ಯಾವುದೋ ಗಲಾಟೆಯಾಗಿ, ಮನೆಗಳಿಗೆ ಬೆಂಕಿ ಬಿದ್ದು, ಅವರ ಹಿರಿಯರು ಕಾಡು ಹತ್ತಿ ಸಂಪಾಜೆಯ ಮೇಲಿನ ಗುಡ್ಡಕ್ಕೆ ಬಂದು ನೆಲೆಸಿದರಂತೆ. ಯಾರು ಓಡಿಸಿದರು, ಎಷ್ಟು ಜನ ಹೊರಟರು, ಎಷ್ಟು ಜನ ಮುಟ್ಟಿದರು? ಚಿಕ್ಕಂದಿನಲ್ಲಿ ಬೊಳ್ಳಪ್ಪ ಕೇಳಿದಾಗ ಅಜ್ಜಿ ಅವನ ಬಾಯಿಗೆ ಬೆಲ್ಲ ತುರುಕಿ ಸುಮ್ಮನಾಗಿಸಿದ್ದಳು. ಕಥೆ ಹೇಳಲಿಲ್ಲ, ಕೆಲಸ ಮಾತ್ರ ಕಲಿಸಿದಳು. ಗಂಟನ್ನು ಬಾಗಿಲ ಪಕ್ಕವೇ ಇಡಬೇಕು. ನೆಲಕ್ಕೆ ಮುಟ್ಟಿಸಬಾರದು. ತಲೆಯ ಮೇಲಾಗಲಿ ಹೆಗಲ ಮೇಲಾಗಲಿ ಹೊರಬಾರದು, ಸೊಂಟದ ಮೇಲೆಯೇ ಹೊರಬೇಕು. ಪ್ರತಿ ವರ್ಷ ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆಗೆ ಮನೆಯ ಹೆಂಗಸರು ಉಟ್ಟು ಮೆತ್ತಗಾದ ಸೀರೆಯ ತುಂಡೊಂದನ್ನು ಮೇಲೆ ಸುತ್ತಬೇಕು, ಹೊಸ ಬಟ್ಟೆ ಆಗದು. ಬಿಚ್ಚಿ ನೋಡುವುದಂತೂ ಇಲ್ಲವೇ ಇಲ್ಲ. ಇನ್ನು, ಏನಾದರೂ ಆಗಿ ಮನೆ ಬಿಟ್ಟು ಓಡುವ ಹೊತ್ತು ಬಂದರೆ, "ಮೊದ್ಲು ಇದ್ರ ಎತ್ತಿಕೊ. ಉಳಿದದ್ದೆಲ್ಲ ಆಮೇಲೆ."

ಅಜ್ಜಿ ಬಾಯಲ್ಲಿ ಹೇಳಿ ಬಿಟ್ಟವಳಲ್ಲ. ಉಣ್ಣುತ್ತಿರುವಾಗ, ಮಗ್ಗಿ ಬಾಯಿಪಾಠ ಮಾಡುತ್ತಿರುವಾಗ, ಇದ್ದಕ್ಕಿದ್ದಂತೆ ಕಂಚಿನ ತಟ್ಟೆ ಬಡಿದು "ಓಡು!" ಎನ್ನುತ್ತಿದ್ದಳು. ಗಂಟು ಸೊಂಟಕ್ಕೇರಿಸಿ ಅಂಗಳ ದಾಟಿದರೆ ಬೆಲ್ಲ. ಬರಿಗೈಯಲ್ಲಿ ಓಡಿದರೆ ಬೆತ್ತ. ಆರನೇ ವರ್ಷಕ್ಕೆಲ್ಲ ಬೊಳ್ಳಪ್ಪನ ಕೈ ಅವನನ್ನು ಕೇಳದೆಯೇ ಗಂಟಿಗೆ ಹೋಗುತ್ತಿತ್ತು. ಅದು ಅವನಿಗೆ ಹೆಮ್ಮೆಯ ವಿಷಯವೂ ಆಗಿತ್ತು. ಬೇರೆ ಮನೆಗಳಲ್ಲಿ ಬಂದೂಕಿದೆ, ಒಡವೆಯಿದೆ. ನಮ್ಮಲ್ಲಿ ಇದಿದೆ.

ಎರಡು ಸಾವಿರದ ಹದಿನೆಂಟರ ಆಗಸ್ಟಿನಲ್ಲಿ ಗುಡ್ಡ ಜಾರಿದಾಗ ಮನೆಯಿಂದ ಉಳಿದು ಬಂದದ್ದು ಬೊಳ್ಳಪ್ಪ ಮತ್ತು ಆ ಗಂಟು. ಯಮುನ ತಾಯಿಗೆ ಹುಷಾರಿಲ್ಲವೆಂದು ಕರಿಕೆಯ ತವರಿಗೆ ಹೋಗಿದ್ದಳು. ಮಗ ದಿಗಂತ್ ಮಡಿಕೇರಿಯಲ್ಲಿದ್ದ. ಜ್ವರವೆಂದು ಮನೆಯಲ್ಲಿ ಉಳಿದಿದ್ದ ಮಗಳು ಶ್ವೇತ, ಹನ್ನೊಂದು ವರ್ಷದವಳು, ಸಿಗಲೇ ಇಲ್ಲ. ಒಂದು ತಿಂಗಳು ಯಂತ್ರ ಹಾಕಿ ಮಣ್ಣು ತೋಡಿದರು. ಅವಳ ಒಂದು ನೋಟ್‌ಬುಕ್ಕೂ ಸಿಗಲಿಲ್ಲ.

ಮನೆ ಕಳೆದುಕೊಂಡವರಿಗೆಂದು ಸರಕಾರ ಕಟ್ಟಿಸಿಕೊಟ್ಟ ಈ ಕಾಲೊನಿಯ ಸಭಾಭವನಕ್ಕೆ ಗುರುವಾರ ಗುರುವಾರ ಶರ್ಮಿಳಾ ಎಂಬ ಮನಸ್ಸಿನ ಡಾಕ್ಟರು ಬರುತ್ತಿದ್ದರು. ಯಮುನಳ ಒತ್ತಾಯಕ್ಕೆ ಬೊಳ್ಳಪ್ಪ ಎರಡು ಸಲ ಹೋಗಿದ್ದ. ಗಂಟಿನ ವಿಷಯ ಕೇಳಿ ಆಕೆ ಹೇಳಿದ್ದರು: "ಹಿರಿಯರು ಅಳದೆ ನುಂಗಿದ ಸಾವು ಮನೆ ಬಿಟ್ಟು ಹೋಗುವುದಿಲ್ಲ ಬೊಳ್ಳಪ್ಪನವರೇ. ಅದರ ಕಥೆ ಮರೆತುಹೋಗುತ್ತದೆ. ಆದರೆ ಮೊಮ್ಮಕ್ಕಳ ಕೈಕಾಲಲ್ಲಿ ಅದು ಕೆಲಸ ಮಾಡ್ತಾ ಇರುತ್ತದೆ." ಬೊಳ್ಳಪ್ಪ ಎದ್ದು ನಿಂತು, "ನನ್ನ ಕೈಕಾಲು ಸಾಕಿದ್ದು ನಾನು. ಯಾವ ಸತ್ತವನೂ ಅಲ್ಲ" ಎಂದು ಕುರ್ಚಿ ಒದ್ದು ಬಂದಿದ್ದ. ಆಮೇಲೆ ಹೋಗಲಿಲ್ಲ. ಯಮುನ ಹೋಗುತ್ತಿದ್ದಳು.

ಈಗ ಅವಳು ಮಗುವಿನ ಮೂಗು ಸೆರಗಿನಲ್ಲಿ ಒರೆಸಿ, ದನಿ ತಗ್ಗಿಸಿದಳು.

"ಒಂದು ವಿಷಯ ಕೇಳ್ತೇನೆ. ಸುಳ್ಳು ಹೇಳಬೇಡಿ."

"ಎಂತ?"

"ಅವತ್ತು ಎಡಗೈಯಲ್ಲಿ ಗಂಟು, ಬಲಗೈಯಲ್ಲಿ ಶ್ವೇತನ ಕೈ ಇತ್ತು ಅಂದಿದ್ರಿ. ಅಂಗಳ ದಾಟುವಾಗ ಮಣ್ಣು ಬಂದು ಅವಳನ್ನು ಬಿಡಿಸಿಕೊಂಡು ಹೋಯ್ತು ಅಂದಿದ್ರಿ."

"ಹೌದು. ಎಷ್ಟು ಸಲ ಹೇಳುದು ಅದನ್ನೇ?"

"ಇವತ್ತು ನಾನು ಕಣ್ಣಾರೆ ನೋಡಿದೆ. ಬಲಗೈ ಲುಂಗಿ ಎತ್ತಿ ಹಿಡಿದಿತ್ತು."

ಬೊಳ್ಳಪ್ಪ ಬಾಯಿ ತೆರೆದ. ಬೈಗುಳವೇ ಬರಬೇಕಿತ್ತು, ಅವನ ಬಾಯಿಗೆ ಅದಕ್ಕೆಂದೂ ಬರವಿರಲಿಲ್ಲ. ಬಲಗೈಯನ್ನು ಬೆನ್ನ ಹಿಂದೆ ಮಾಡಿಕೊಂಡ.

"ಅವತ್ತೂ ಹೀಗೇನಾ?"

"ಯಮುನ..."

"ಅವತ್ತೂ ಹೀಗೇನಾ ಅಂತ ಕೇಳಿದೆ."

ಏಳು ವರ್ಷ ಆ ಸುಳ್ಳನ್ನು ಹೇಳಿ ಹೇಳಿ ಬೊಳ್ಳಪ್ಪ ಅರ್ಧ ನಂಬಿಯೂ ಬಿಟ್ಟಿದ್ದ. ಕೆಲವು ದಿನ ಬಲ ಅಂಗೈಯಲ್ಲಿ ಮಗಳ ಜ್ವರದ ಬಿಸಿ ನಿಜಕ್ಕೂ ತಾಗಿದಂತಾಗುತ್ತಿತ್ತು. ಆ ಅಂಗೈಯನ್ನು ಯಮುನ ಎಷ್ಟೋ ಸಲ ತನ್ನ ಎರಡೂ ಕೈಯಲ್ಲಿ ಹಿಡಿದು ಅತ್ತಿದ್ದಾಳೆ. ಮಗಳನ್ನು ಕೊನೆಗೆ ಮುಟ್ಟಿದ ಕೈ ಎಂದು ಕಣ್ಣಿಗೆ ಒತ್ತಿಕೊಂಡಿದ್ದಾಳೆ. ಆಗೆಲ್ಲ ಅವನು ಗೋಡೆ ನೋಡುತ್ತ ಕೂತಿರುತ್ತಿದ್ದ.

"ಹಿಡಿದಿರಲಿಲ್ಲ" ಎಂದ.

ಯಮುನ ಮಗುವನ್ನು ಎದೆಗೆ ಒತ್ತಿಕೊಂಡಳು.

"ಸದ್ದು ಕೇಳಿತು. ಕೈ ಗಂಟಿಗೆ ಹೋಯ್ತು. ನಾನು ರಸ್ತೆಯ ಹಲಸಿನ ಮರದ ಬುಡದಲ್ಲಿದ್ದೆ. ಸೊಂಟದ ಮೇಲೆ ಭಾರ ಇತ್ತು ಯಮುನ, ದೇವರಾಣೆ. ಭಾರ ಇತ್ತಲ್ಲ, ಎಲ್ಲವನ್ನೂ ತಂದೆ ಅಂತಲೇ ಮನಸ್ಸಿಗೆ ಅನಿಸಿತ್ತು. 'ಅಪ್ಪಾ' ಅಂತ ಕೇಳಿ ತಿರುಗಿದೆ. ಹೊಸ್ತಿಲಲ್ಲಿ ನಿಂತಿದ್ದಳು. ಕೈಯಲ್ಲಿ ನನ್ನ ಚಪ್ಪಲಿ ಹಿಡ್ಕೊಂಡಿದ್ದಳು. ನಾನು ಬರಿಗಾಲಲ್ಲಿ ಓಡಿದ್ದೆನಲ್ಲ... ಮರೆತು ಹೋದೆ ಅಂತ ಕೊಡಲಿಕ್ಕೆ ಬಂದಿದ್ದು."

"ಆಮೇಲೆ?"

"ಆಮೇಲೆ ಮನೆ ಇರಲಿಲ್ಲ."

ಧೃತಿ ಅಳು ಮರೆತು ಅಜ್ಜಿಯ ಕರಿಮಣಿ ಹಿಡಿದು ಆಡುತ್ತಿತ್ತು. ಹೊರಗೆ ಟಿಪ್ಪರು ಹಿಂದಕ್ಕೆ ಬರುತ್ತ ಪೀ ಪೀ ಎನ್ನುತ್ತಿತ್ತು. ಬೊಳ್ಳಪ್ಪ ಗೂಟದ ಕಡೆ ನೋಡಿದ, ಅಷ್ಟೇ. ಆ ನೋಟ ಯಮುನಳ ಕಣ್ಣಿಗೆ ಬಿತ್ತು.

ಅವಳು ಮಗುವನ್ನು ಚಾಪೆಯ ಮೇಲೆ ಇಳಿಸಿ, ಅಡುಗೆಮನೆಯಿಂದ ಕತ್ತಿ ತಂದು, ಗಂಟನ್ನು ಗೂಟದಿಂದ ಕಿತ್ತು ನೆಲಕ್ಕೆ ಹಾಕಿದಳು. ಅದು ಠಪ್ಪೆಂದು ಬಿತ್ತು.

"ಏಯ್! ನೆಲಕ್ಕೆ ಹಾಕ್ತೀಯಾ? ಏಳು ತಲೆಯಿಂದ ಯಾರೂ ಬಿಚ್ಚಿದ್ದಲ್ಲ ಅದು. ಮುಟ್ಟಿದರೆ ಕೈ ಕಡಿತೇನೆ!"

"ಕಡಿರಿ. ನನ್ನ ಮಗಳ ಬದಲಿಗೆ ಎಂತ ತಂದಿದ್ರಿ ಅಂತ ನೋಡ್ತೇನೆ. ನೋಡಿಯೇ ಸಾಯ್ತೇನೆ."

ಅವನು ಅವಳ ರಟ್ಟೆ ಹಿಡಿದ. ಹಿಡಿದದ್ದು ಬಲಗೈಯಲ್ಲಿ. ಅವಳು ಆ ಕೈಯನ್ನು ನೋಡಿದಳು. ಅವನು ಬಿಟ್ಟುಬಿಟ್ಟ.

ಮೇಲಿನ ಸುತ್ತು ಅವಳದೇ ಹಳೆಯ ಹಸಿರು ಸೀರೆ, ಹೋದ ವರ್ಷದ ಆಟಿಯದ್ದು. ಅದರೊಳಗೆ ಇನ್ನಷ್ಟು ಅವಳವೇ. ಆಮೇಲೆ ಬೊಳ್ಳಪ್ಪನ ತಾಯಿಯ ನೀಲಿ. ಅಜ್ಜಿಯ ಕಪ್ಪು ಅಂಚಿನ ಬಿಳಿ ಸೀರೆ ಕಂಡಾಗ ಅವನಿಗೆ ಹೊಗೆಸೊಪ್ಪಿನ ವಾಸನೆ ಬಂದಂತಾಗಿ ಅವಳ ಎದುರಿಗೆ ಕೂತ. ಮುಂದಿನವು ಅವನಿಗೆ ಗುರುತಿಲ್ಲದವು. ಕತ್ತಿ ತಾಗಿದಲ್ಲೆಲ್ಲ ಬಟ್ಟೆ ಹಪ್ಪಳದ ಹಾಗೆ ಮುರಿದು ಪುಡಿಯಾಗುತ್ತಿತ್ತು. ಯಮುನಳ ಸುತ್ತ ಚಿಂದಿ ರಾಶಿ ಬಿತ್ತು. ಗಂಟು ಸಣ್ಣದಾಗುತ್ತ ಹೋಯಿತು, ಭಾರ ಮಾತ್ರ ಕಡಿಮೆಯಾಗಲಿಲ್ಲ.

ಕೊನೆಗೆ ಉಳಿದದ್ದು ಒಂದು ಹೊಳೆಯ ಕಲ್ಲು. ನುಣ್ಣಗೆ, ಉದ್ದಕ್ಕೆ, ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು. ಅದರ ನಡುವಿಗೆ ಕರಿ ನೂಲಿನ ಉಡಿದಾರ ಕಟ್ಟಿತ್ತು. ಉಡಿದಾರದಲ್ಲಿ ಕಪ್ಪಾದ ಒಂದು ಬೆಳ್ಳಿಯ ಗೆಜ್ಜೆ. ಮಕ್ಕಳಿಗೆ ಕಟ್ಟುವಂಥದ್ದು. ಧೃತಿಯ ಸೊಂಟದಲ್ಲೂ ಅಂಥದೇ ಒಂದಿತ್ತು.

ಸೊಂಟದ ಮೇಲೆಯೇ ಹೊರಬೇಕು. ನೆಲಕ್ಕಿಡಬಾರದು. ಮೆತ್ತನೆಯ ಬಟ್ಟೆಯೇ ಸುತ್ತಬೇಕು. ಐವತ್ತು ವರ್ಷ ಪಾಲಿಸಿಕೊಂಡು ಬಂದ ಮಾತುಗಳು ಒಂದೊಂದಾಗಿ ಬಂದು ಬೊಳ್ಳಪ್ಪನ ಮುಂದೆ ನಿಂತವು. ಬೆಂಕಿ ಬಿದ್ದ ಮನೆಯಿಂದ ಯಾರೋ ಒಬ್ಬ ಹೆಂಗಸು ಓಡಿದ್ದಾಳೆ. ಏನನ್ನೋ ಎತ್ತಿಕೊಂಡು ಓಡಿದ್ದಾಳೆ, ಮಗುವನ್ನಲ್ಲ. ಘಟ್ಟದ ಯಾವುದೋ ಹೊಳೆಯ ದಡದಲ್ಲಿ ಆ ಮಗುವಿನಷ್ಟೇ ತೂಕದ ಕಲ್ಲು ಹುಡುಕಿದ್ದಾಳೆ. ಬದುಕಿರುವವರೆಗೆ ಅದನ್ನು ಹೊತ್ತು, ತನ್ನ ಮುಂದಿನವರಿಗೆ ಒಂದು ಮಾತು ಬಿಟ್ಟುಹೋಗಿದ್ದಾಳೆ.

"ಮೊದ್ಲು ಇದ್ರ ಎತ್ತಿಕೊ" ಎಂದಳು ಯಮುನ, ಅಜ್ಜಿಯ ಮಾತನ್ನೇ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಇದನ್ನು ಮೊದಲು ಹೊತ್ತವಳು ಹೇಳಿದ್ದು ಮಗುವನ್ನು. ನೀವೆಲ್ಲ ಕಲ್ಲು ಎತ್ತುದನ್ನು ಕಲಿತ್ರಿ."

"ನಂಗೆ ಗೊತ್ತಿರಲಿಲ್ಲ ಯಮುನ. ಯಾರಿಗೂ ಗೊತ್ತಿರಲಿಲ್ಲ."

"ಗಂಟಿನದ್ದು ಗೊತ್ತಿರಲಿಲ್ಲ, ಸರಿ. ನಿಮ್ಮ ಕೈಯದ್ದು ಗೊತ್ತಿತ್ತಲ್ಲ? ಏಳು ವರ್ಷ ಆ ಕೈ ಹಿಡ್ಕೊಂಡು ಅತ್ತೆ ನಾನು. ನನಗೆ ಅಂತ ಉಳಿದದ್ದು ಅದೊಂದೇ ಆಗಿತ್ತು."

ಬೊಳ್ಳಪ್ಪನಿಗೆ ಮೊದಲ ಸಲ ಹೆದರಿಕೆಯಾಯಿತು. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ, ಜಗಳವಿಲ್ಲದ ವಾರವಿರಲಿಲ್ಲ ಆ ಮನೆಯಲ್ಲಿ. ಬೊಬ್ಬೆ ಹೊಡೆಯುವ ಯಮುನ ಅವನಿಗೆ ಗೊತ್ತು. ಈ ಯಮುನ ಗೊತ್ತಿಲ್ಲ. ಅವಳು ಎದ್ದು ಮಗುವಿನ ಬಟ್ಟೆಗಳನ್ನು ಮಡಚಿ ಚೀಲಕ್ಕೆ ಹಾಕಿದಳು. ಹಾಲಿನ ಬಾಟಲಿ ಹಾಕಿದಳು. ತನ್ನ ಎರಡು ಸೀರೆ. ಕೊಡೆ.

"ಎಲ್ಲಿಗೆ?"

"ದಿಗಂತನ ಹತ್ತಿರ."

ದಿಗಂತ್ ವಿರಾಜಪೇಟೆಯ ಆಚೆ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಅವನ ಹೆಂಡತಿ ಪೇಟೆಯಲ್ಲಿ ಬಟ್ಟೆ ಅಂಗಡಿಯ ಕೆಲಸಕ್ಕೆ ಹೋಗುತ್ತಾಳೆ. ಕೆಲಸಗಾರರ ಲೈನ್‌ಮನೆಯ ಒಂಟಿ ಕೋಣೆಯಲ್ಲಿ ಮಗುವನ್ನು ನೋಡಿಕೊಳ್ಳುವವರಿಲ್ಲವೆಂದೇ ಇಲ್ಲಿ ಬಿಟ್ಟಿದ್ದರು.

"ಅಲ್ಲಿ ಮೂರು ಜನಕ್ಕೇ ಜಾಗ ಇಲ್ಲ. ನೀನೆಲ್ಲಿ ಮಲಗ್ತೀಯ?"

"ನಿಂತುಕೊಂಡೇ ಇರ್ತೇನೆ."

"ಕಲ್ಲು ಹೊಳೆಗೆ ಹಾಕ್ತೇನೆ. ಈಗಲೇ ಹಾಕ್ತೇನೆ. ಆ ಶರ್ಮಿಳಾ ಮೇಡಮ್ಮಿನ ಹತ್ತಿರವೂ ಹೋಗ್ತೇನೆ. ಎಂತ ಬೇಕಾದ್ರೂ ಹೇಳು, ಮಾಡ್ತೇನೆ."

ಯಮುನ ಧೃತಿಯನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡಳು. ಎಡಸೊಂಟ, ಎಡಗೈ ಬಳಸಿ. ಅವನು ಕಣ್ಣು ಕೆಳಗೆ ಹಾಕಿದ.

"ದಿಗಂತನಿಗೆ ನಾನೇ ಹೇಳ್ತೇನೆ, ಅವನ ತಂಗಿ ಹೇಗೆ ಹೋದಳು ಅಂತ" ಎಂದಳು. "ಮಗು ನನ್ನ ಕೈಯಿಂದ ಹೀಗೇ ಅವನ ಕೈಗೆ ಹೋಗಬೇಕು. ನಡುವೆ ನೀವು ಬರಬೇಡಿ."

ಚಿಂದಿಯ ರಾಶಿಯನ್ನು ಮೆಟ್ಟದೆ ಬದಿಯಿಂದ ದಾಟಿ ಹೊರಟಳು. ಬೊಳ್ಳಪ್ಪ ಕೂತೇ ಇದ್ದ. ಅವನ ಕಣ್ಣು ಬಾಗಿಲ ಮೂಲೆಗೆ ಹೋಯಿತು. ಅಲ್ಲಿ ಧೃತಿಯ ಪುಟ್ಟ ಕೆಂಪು ಚಪ್ಪಲಿಗಳಿದ್ದವು. ಮಗುವನ್ನು ಬರಿಗಾಲಲ್ಲೇ ಎತ್ತಿಕೊಂಡು ಹೋಗಿದ್ದಳು.

ಅವನು ಎದ್ದು ಚಪ್ಪಲಿಗಳನ್ನು ತೆಗೆದುಕೊಂಡು ಬಾಗಿಲಿಗೆ ಓಡಿದ. ಹೊಸ್ತಿಲಿಗೆ ಬಂದವನು ಅಲ್ಲಿಂದ ಮುಂದೆ ಕಾಲಿಡಲಾರದೆ ನಿಂತ. ಯಮುನ ಆಗಲೇ ಸಣ್ಣಸ್ವಾಮಿಯ ಮನೆ ದಾಟಿ ಜಲ್ಲಿಯ ರಾಶಿಯ ಹತ್ತಿರ ಹೋಗಿದ್ದಳು. ಮಳೆ ಹನಿಯುತ್ತಿತ್ತು, ಕೊಡೆ ಬಿಚ್ಚಿದಳು.

"ಯಮುನಾ! ಚಪ್ಪಲಿ! ಮಗುವಿನ ಚಪ್ಪಲಿ!"

ಎರಡೂ ಕೈಯಲ್ಲಿ ಎತ್ತಿ ತೋರಿಸಿದ. ಅವಳಿಗೆ ಕೇಳಿಸಿತು. ಹೆಗಲು ಒಮ್ಮೆ ಬಿಗಿಯಾದದ್ದು ಅವನಿಗೆ ಕಂಡಿತು. ತಿರುಗಲಿಲ್ಲ. ಬಸ್ಸು ನಿಲ್ಲುವ ತಿರುವಿನಲ್ಲಿ ಕೊಡೆ ಮರೆಯಾಯಿತು.

ಸಂಜೆಯ ಬಸ್ಸಿಗೆ ಬರಲಿಲ್ಲ. ಆಟಿ ಅಮಾವಾಸ್ಯೆಗೂ ಬರಲಿಲ್ಲ. ಹೊಸ ಭತ್ತದ ಹುತ್ತರಿ ಹಬ್ಬಕ್ಕೂ ಬರಲಿಲ್ಲ.